ನೆನಪಿಲ್ಲ ಅಂದೆ

ನವೆಂಬರ್ 6, ಬುಧವಾರ. ಲಿಂಗಸುಗೂರು

ಬೆಳಿಗ್ಗೆ ಮಾಳಿಗೆ ಮೇಲಿನ ನಾಲ್ಕು ಜೇನುಪೆಟ್ಟಿಗೆ ತೆರೆದು ನೋಡಿದೆ. ಒಂದಕ್ಕೆ ಮೇಣದ ಹುಳ ಬಿದ್ದಿದೆ. ಎರಡು ಚೌಕಟ್ಟು ತೆಗೆದು ಸುಟ್ಟೆ. ಜೇನು ಸಾಕುವವರ ಸಂಘಕ್ಕೆ ಸೆಕ್ರೆಟರಿ ಆದಮೇಲೆ ನನ್ನ ಜೇನೇ ಹಾಳಾಗುತ್ತಿವೆ.

ಮಧ್ಯಾಹ್ನ ಪಾಮನಕಲ್ಲೂರಿಗೆ. ಗ್ಯಾನಪ್ಪನ ಹನ್ನೆರಡು ಪೆಟ್ಟಿಗೆ ಹಂಪಣ್ಣನ ತೊಗರಿ ಹೊಲದ ಬದುವಿನಲ್ಲಿವೆ. ಹೊಲವೆಲ್ಲ ಹಳದಿ ಹೂವು. ಇಬ್ಬರೂ ಸಂಘದವರೇ. ಗ್ಯಾನಪ್ಪ ಮಸ್ಕಿಯಲ್ಲಿ ಮನೆ ಮಾಡಿದ್ದಾನೆ, ಆದರೆ ಬೆಳೆದದ್ದು ಹಂಪಣ್ಣನ ಮನೆಯಲ್ಲಿ, ದುಡಿಯುತ್ತ. ಹಂಪಣ್ಣನ ತಾಯಿ ಗುರುಲಿಂಗಮ್ಮನಿಗೆ ಅವ್ವಾ ಅನ್ನುತ್ತಾನೆ. ಮುದುಕಿ ಹಾಸಿಗೆ ಹಿಡಿದಿದ್ದಾಳೆ. ಗ್ಯಾನಪ್ಪ ಬೆರಳಿನಿಂದ ಜೇನುತುಪ್ಪ ನೆಕ್ಕಿಸಿದ. ಕಣ್ಣು ಮುಚ್ಚಿ ಚಪ್ಪರಿಸಿದಳು.

ನವೆಂಬರ್ 9, ಶನಿವಾರ

ಹನ್ನೆರಡು ಪೆಟ್ಟಿಗೆಯೂ ಹೋದವು. ಬೆಳಿಗ್ಗೆ ಹಂಪಣ್ಣ ತೊಗರಿಯ ಕೀಡೆ ಸಾಯಲೆಂದು ವಿಷದ ಎಣ್ಣೆ ಹೊಡೆಸಿದ್ದಾನೆ. ಪೆಟ್ಟಿಗೆಗಳ ಮುಂದೆ ಸತ್ತ ಜೇನುಹುಳದ ರಾಶಿ. ಕೆಲವು ಇನ್ನೂ ಅಂಗಾತ ಬಿದ್ದು ಗಿರಗಿರ ತಿರುಗುತ್ತಿದ್ದವು. ಗ್ಯಾನಪ್ಪ ಪ್ರತಿ ಪೆಟ್ಟಿಗೆಯಲ್ಲೂ ರಾಣಿ ಹುಳವನ್ನು ಹುಡುಕುತ್ತಿದ್ದ. ಅವನ ಹೆಂಡತಿ ಅಮರಮ್ಮ ಮೊರದಲ್ಲಿ ಸತ್ತವನ್ನು ಬಳಿಯುತ್ತಿದ್ದಳು.

"ಒಂದ್ ಮಾತು ಮೊದ್ಲ ಹೇಳಿದ್ರ, ರಾತ್ರಿನ ಪೆಟ್ಟಿಗಿ ಬಾಗ್ಲಾ ಮುಚ್ಚಿ ಒಯ್ತಿದ್ದೆ ಅಕ್ಕಾರ," ಅಂದ.

ಇಲ್ಲಾದರೂ ಬರೆಯಬೇಕು... ನಿನ್ನೆ ಸಿಂಧನೂರಿನಿಂದ ಬರುವಾಗ ಬಸ್ಸಿನಲ್ಲಿ ಹಂಪಣ್ಣನ ಫೋನ್ ಬಂದಿತ್ತು. ನಾಳೆ ಎಣ್ಣೆ ಹೊಡೆಸುತ್ತೇನೆ, ಗ್ಯಾನಪ್ಪನ ಫೋನ್ ಹತ್ತುತ್ತಿಲ್ಲ, ನೀವು ತಿಳಿಸಿರಿ ಅಂದ. ಹೂಂ ಅಂದೆ. ಬಸ್ಸು ಮಸ್ಕಿಯಲ್ಲಿ ಹತ್ತು ನಿಮಿಷ ನಿಂತಿತ್ತು. ಗ್ಯಾನಪ್ಪನ ಮನೆ ಸ್ಟ್ಯಾಂಡಿನ ಹಿಂದೆಯೇ. ನಾನು ಇಳಿದು ಚಹಾ ಕುಡಿದೆ, ಹತ್ತಿ ಕೂತೆ. ಮರೆತೆ.

ನವೆಂಬರ್ 17, ಭಾನುವಾರ

ಸಂಘದ ಮೀಟಿಂಗ್. ಇಪ್ಪತ್ತೆರಡು ಜನ. ಮೊದಲೇ ಯಾಕೆ ತಿಳಿಸಲಿಲ್ಲ ಎಂದು ಅಧ್ಯಕ್ಷ ಚನ್ನವೀರ ಕೇಳಿದ್ದಕ್ಕೆ ಹಂಪಣ್ಣ ಎದ್ದು ನಿಂತ. "ಶಿವಕುಮಾರಿ ಅಕ್ಕಾರಿಗೆ ಹಿಂದಿನ ದಿನಾನ ಫೋನ್ ಮಾಡಿ ಹೇಳೀನಿ. ಅವ್ರನ್ನ ಕೇಳ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಫೋನ್ ಬಂದದ್ದು ನಿಜ, ಎಣ್ಣೆ ಮಾತು ನೆನಪಿಲ್ಲ ಅಂದೆ.

ಗ್ಯಾನಪ್ಪ ಹಂಪಣ್ಣನಿಗೆ, "ಅಕ್ಕಾರು ಸುಳ್ಳು ಹೇಳೋರಲ್ಲ ಧಣ್ಯಾರ. ಇನ್ನ ನಿಮ್ ಹೊಸ್ತಿಲಾ ತುಳಿಯೋದಿಲ್ಲ," ಅಂದ.

ಹಂಪಣ್ಣನನ್ನು ಸಂಘದಿಂದ ತೆಗೆದರು. ರೆಸೊಲ್ಯೂಷನ್ ಬರೆದದ್ದು ನಾನೇ. ಅಕ್ಷರ ನೆಟ್ಟಗೇ ಬಂದವು.

ನವೆಂಬರ್ 21

ಹೇಳಿಬಿಡಬೇಕೆಂದು ಗ್ಯಾನಪ್ಪನಿಗೆ ಫೋನ್ ಮಾಡಿದೆ. ಎತ್ತಿದ. ಹೊಸ ಜೇನು ಕುಟುಂಬ ಬೇಕೇನು ಎಂದು ಕೇಳಿದೆ. ಈಗ ಬೇಡ ಅಂದ. ಇಟ್ಟೆ.

ಡಿಸೆಂಬರ್ 3, ಮಂಗಳವಾರ

ಗುರುಲಿಂಗಮ್ಮ ನಿನ್ನೆ ತೀರಿಕೊಂಡಳು. ಇವತ್ತು ಮಣ್ಣು. ಹಂಪಣ್ಣನ ಹೊಲದಲ್ಲೇ. ಹೋಗಿದ್ದೆ. ಗ್ಯಾನಪ್ಪ ಬರಲಿಲ್ಲ.

ಕೊನೆಯ ಎರಡು ದಿನ ಮುದುಕಿ ಗ್ಯಾನ್ಯಾ ಎಲ್ಲಿ, ಗ್ಯಾನ್ಯಾ ಎಲ್ಲಿ ಎಂದು ಕೇಳುತ್ತಲೇ ಇದ್ದಳಂತೆ. ಎರಡು ಸಲ ಹೇಳಿ ಕಳಿಸಿದರಂತೆ. ಇದನ್ನು ಹಂಪಣ್ಣನೇ ನನಗೆ ಹೇಳಿದ. ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಯಾವ ಮುಖದಿಂದ ಹಾಕಿದೆನೋ.

ಡಿಸೆಂಬರ್ 8, ಭಾನುವಾರ

ಮಸ್ಕಿಗೆ ಹೋದೆ. ಗ್ಯಾನಪ್ಪ ಹೊರಸಿನ ಮೇಲೆ ಕೂತಿದ್ದ. ಪೂರ್ತಿ ಹೇಳಿದೆ — ಫೋನ್, ಬಸ್ಸು, ಚಹಾ, ಮೀಟಿಂಗಿನಲ್ಲಿ ಅಂದ ಸುಳ್ಳು. ಅಮರಮ್ಮ ಬಾಗಿಲಿಗೆ ಬಂದು ನಿಂತಳು. ಬೈಯಲಿ ಎಂದು ಕಾದೆ.

"ಹುಳ ಹೋದ್ರ ಹೋಗ್ಲಿ. ಮತ್ತ ಹಿಡಿತಿದ್ದೆ," ಅಂದ. ಆಮೇಲೆ, "ಅವ್ವ ಕರ್ಯಾಕತ್ಯಾಳ ಅಂತ ಹೇಳಿ ಕಳಿಸಿದ್ರು. ನಾ ಹೋಗ್ಲಿಲ್ಲ ಅಕ್ಕಾರ."

ಎದ್ದು ಚಪ್ಪಲಿ ಮೆಟ್ಟಿ ನಡೆದ. ಕರೆದೆ. ತಿರುಗಲಿಲ್ಲ. ಅಮರಮ್ಮ ನೀರು ತಂದುಕೊಟ್ಟಳು.

ಡಿಸೆಂಬರ್ 9. ಬೆಳಿಗ್ಗೆ 9

ಅಮರಮ್ಮ ಫೋನ್ ಮಾಡಿದ್ದಳು. ಗ್ಯಾನಪ್ಪ ನಿನ್ನೆಯಿಂದ ಮುದುಕಿಯನ್ನು ಮಣ್ಣು ಮಾಡಿದ ಜಾಗದಲ್ಲೇ ಕೂತಿದ್ದಾನಂತೆ. ಹಂಪಣ್ಣ ರೊಟ್ಟಿ ಒಯ್ದು ಕೊಟ್ಟರೂ ಮುಟ್ಟಿಲ್ಲ.

ಚನ್ನವೀರನಿಗೆ ಎಲ್ಲಾ ಹೇಳಿ, ಮೀಟಿಂಗ್ ಕರೆಯಿರಿ ಅಂದೆ. ಆದದ್ದಾಯಿತು, ಸಂಘದ ಹೆಸರು ಕೆಡುತ್ತದೆ, ಬಿಡಿ ಅಂದ. ರೆಸೊಲ್ಯೂಷನ್ ಪುಸ್ತಕ ನನ್ನಲ್ಲೇ ಇದೆ. ಅಂದಿನ ಬರಹದ ಕೆಳಗೆ ಜಾಗವಿತ್ತು. 'ನವೆಂಬರ್ 8ರಂದು ಹಂಪಣ್ಣನವರು ನನಗೆ ಫೋನ್ ಮಾಡಿ' — ಇಷ್ಟು ಬರೆದಿದ್ದೇನೆ.

ಗೇಟಿನ ಸದ್ದು. ಹಂಪಣ್ಣ. ಒಬ್ಬನೇ ಬಂದಿದ್ದಾನೆ, ಎಂದೂ ಬಿಡದ ರುಮಾಲು ತಲೆಗಿಲ್ಲ. ಗ್ಯಾನಪ್ಪನಿಗೆ ಏನಾಯಿತೋ...