ಹಲಸಿನ ಮೇಣ, ಡೀಸೆಲ್ ಪೈಪು

ಮೇ 2, ಶುಕ್ರವಾರ

ಇವತ್ತೂ ಗಾಡಿಯ ಅಡಿಗೆ ತಗಡು ಇಡಬೇಕು. ಟ್ಯಾಂಕಿನಿಂದ ಫಿಲ್ಟರಿಗೆ ಹೋಗುವ ರಬ್ಬರ್ ಪೈಪು ಬಿರುಕು ಬಿಟ್ಟಿದೆ. ತೊಟ್ಟು ತೊಟ್ಟು ಡೀಸೆಲ್. ಶಿರಸಿಯಲ್ಲಿ ಕೇಳಿದೆ — ಈ ಹಳೇ ಪಿಕಪ್ಪಿನ ಅಳತೆಯದ್ದು ಹುಬ್ಬಳ್ಳಿಯಿಂದಲೇ ಬರಬೇಕಂತೆ. "ಸೋಮವಾರ ಬರ್ರಿ ಅಕ್ಕಾರ" ಅಂದ ಅಂಗಡಿಯ ಶರಣ. ಯಾವ ಸೋಮವಾರವೋ!

ಮದುವೆ ಸೀಸನ್ ಬೇರೆ. ಶಾಮಿಯಾನದವರ ಪಾತ್ರೆ, ಕುರ್ಚಿ ಹೊತ್ತು ದಿನಾ ಓಡಾಟ. ಮನೆಯವರು ಸೊಸೈಟಿ ಕೆಲಸಕ್ಕೆ ಸೇರಿ ಗಾಡಿ ನನ್ನ ಕೈಗೆ ಬಂದಾಗಿನಿಂದ ಇದೇ ನನ್ನ ಕೆಲಸ. ಬೆಳಿಗ್ಗೆ ಅಂಗಳದ ಕಲೆ ನೋಡಿ ಇವರು, "ನೋಡು ಪ್ರತಿಭಾ, ಇನ್ನೊಂದ್ಸಲ ದಾರಿ ಮೇಲೆ ನಿಂತ್ರೆ ಕೊಟ್ಟೇಬಿಡ್ತೆ ಇದನ್ನ" ಅಂದರು. ಮಾರುತ್ತಾರಂತೆ! ಆರ್‌ಸಿ ಇವರ ಹೆಸರಲ್ಲಿದೆ, ಕೊಡಬಹುದು. ಆಮೇಲೆ ನಾನು? ಪೇಟೆಗೆ ಹೋಗಬೇಕಾದರೂ ಬೈಕಿನ ಹಿಂದೆ ಕೂರಿಸಿಕೊಳ್ಳುವವರನ್ನು ಕಾಯಬೇಕು. ನನ್ನಿಂದಾಗದು.

ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. "ಹೆಂಗ್ಸಿಗೆ ಗಾಡಿ ಎಂತಕ್ಕೆ" ಎಂಬ ಅವಳ ಮಾಮೂಲಿ ಮಂತ್ರ ಇವತ್ತು ಬರಲಿಲ್ಲ.

ಮೇ 4, ಭಾನುವಾರ

ಸೋರುವುದು ನಿಂತಿದೆ! ತಗಡು ಒಣ. ತಾನಾಗಿಯೇ ವಾಸಿಯಾಗುವ ಗಾಡಿ ಎಲ್ಲಾದರೂ ಉಂಟೇ? ಬಗ್ಗಿ ನೋಡಬೇಕಿತ್ತು. ಲೋಡು ಇತ್ತು, ಅವಸರ. ನಾಡಿದ್ದು ಮಾಗೋಡಿನ ಮದುವೆ, ಅಡುಗೆಯ ಪಾತ್ರೆಯೆಲ್ಲ ನನ್ನ ಗಾಡಿಯಲ್ಲೇ.

ಮೇ 6, ಮಂಗಳವಾರ

ನಿಂತಿತು. ಯಲ್ಲಾಪುರ ದಾಟಿ ಮಾಗೋಡು ರಸ್ತೆಯ ಏರಿನಲ್ಲಿ ಕೆಮ್ಮಿತು, ಕೆಮ್ಮಿತು, ಸತ್ತಿತು. ಹಿಂದೆ ಹಂಡೆ, ಕಡಾಯಿ, ಸೌಟು. ಅಡುಗೆಯವರ ಫೋನು — "ಎಂತ ತಂಗಿ, ಅನ್ನ ಅಂಗೈ ಮೇಲೆ ಬೇಯ್ಸೂದಾ?" ಬೇರೆ ಗಾಡಿ ಕರೆಸಿ ಪಾತ್ರೆ ದಾಟಿಸಿದೆ. ನಾಚಿಕೆಯಿಂದ ನೆಲಕ್ಕಿಳಿದುಹೋದೆ.

ಫಿಲ್ಟರ್ ಬಿಚ್ಚಿದೆ. ಒಳಗೆ ಕಂದು ಅಂಟು. ಬೆರಳಲ್ಲಿ ಎಳೆದರೆ ನೂಲು ನೂಲು. ಹಲಸಿನ ಮೇಣ! ಪೈಪಿನ ಬಿರುಕಿಗೂ ಅದೇ ಮೆತ್ತಿದೆ, ಕರಗಿ ಜೋಲುತ್ತಿದೆ, ಬಿರುಕಿನಿಂದ ಒಳಗೂ ಇಳಿದಿದೆ. ಸೋರುವ ಬಕೆಟ್ಟಿಗೆ, ಒಡೆದ ಕೊಡಕ್ಕೆ ಮೇಣ ಕಾಸಿ ಮೆತ್ತುವ ಕೈ ನಮ್ಮ ಮನೆಯಲ್ಲಿ ಒಂದೇ.

ಹೊಸ ಪೈಪು ನಿನ್ನೆಯೇ ಬಂದಿತ್ತಂತೆ. ಸೋರುವುದು ನಿಂತಿತೆಂದು ನಾನೇ ಹೋಗಿರಲಿಲ್ಲ. ಬುದ್ಧಿಗೇಡಿ ನಾನು.

ಸಂಜೆ

ಗಾಡಿ ಎಳೆಸಿಕೊಂಡು ಬಂದೆ. ಸೀದಾ ಅಡುಗೆಮನೆಗೆ ನುಗ್ಗಿದೆ.

"ಅತ್ತೆ, ಹಲಸು ಕೊಯ್ವಾಗ ಕೈಗೆ ಎಣ್ಣೆ ಎಂತಕ್ಕೆ ಹಚ್ಕಳ್ತ್ರಿ?"

"ಮೇಣ ಹಿಡೀದೇ ಇರ್ಲಿ ಅಂತ."

"ಡೀಸೆಲ್ಲೂ ಎಣ್ಣೆನೇ ಅಲ್ದಾ!"

ಅತ್ತೆ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ದೇವ್ರೇ... ಅಂಗಳದಲ್ಲಿ ಕಲೆ ಕಂಡ್ರೆ ನಿನ್ನ ಗಂಡ ಗಾಡಿ ಮಾರ್ತ ಅಂತ ಹೆದ್ರಿಕೆ ಆತು. ಕಾಣ್ದೇ ಇರ್ಲಿ ಅಂತ ಮೆತ್ತಿದೆ ಮಾರಾಯ್ತಿ."

ಇಷ್ಟು ವರ್ಷ ನನ್ನ ಗಾಡಿಗೆ ಶಾಪ ಹಾಕಿದವಳು ಇವಳೇನಾ? ಕೋಪ ಬಂತು, ಅಳುವೂ ಬಂತು. ಒಳಗಿನಿಂದ ಇವರ ಫೋನಿನ ಮಾತು: "ಹೌದೌದು, ಭಾನುವಾರ ಬನ್ನಿ. ಗಾಡಿ ನೋಡಿ, ಮಾತಾಡುವಾ."

ಮೇ 11, ಭಾನುವಾರ, ಬೆಳಿಗ್ಗೆ

ಹೊಸ ಪೈಪು, ಹೊಸ ಕ್ಲಿಪ್ಪು, ಹೊಸ ಫಿಲ್ಟರು. ಮೇಣದ ಚೂರೂ ಉಳಿಯದಂತೆ ಲೈನು ತೊಳೆದೆ. ಲೈನಿಗೆ ಏರ್ ಹಿಡಿದಿತ್ತು, ಗಾಳಿ ಹೊರಹೋಗಲು ಅತ್ತೆ ಕೈಪಂಪು ಒತ್ತಿದಳು, ನಾನು ಸ್ಕ್ರೂ ಸಡಿಲಿಸಿದೆ. ನೊರೆ... ನೊರೆ... ಆಮೇಲೆ ಗುಳ್ಳೆಯಿಲ್ಲದ ಡೀಸೆಲ್. ಒಂದೇ ಸೆಲ್ಫ್‌ಗೆ ಸ್ಟಾರ್ಟ್!

ಇವರು ಹಲ್ಲುಜ್ಜುತ್ತ ಬಂದರು. "ಚಲೋ ಆತು. ಓಡೋ ಗಾಡಿಗೆ ರೇಟು ಬರ್ತದೆ." ನನ್ನ ರಿಪೇರಿ ಅವರ ವ್ಯಾಪಾರಕ್ಕೆ! ಕೈಯಲ್ಲಿದ್ದ ಸ್ಪಾನರ್ ಎಸೆಯಬೇಕೆನಿಸಿತು.

ಅಷ್ಟರಲ್ಲಿ ಅತ್ತೆ ಪೆಟ್ಟಿಗೆಯ ಸೀರೆಯುಟ್ಟು ಬಂದು ಮುಂದಿನ ಸೀಟು ಹತ್ತಿದಳು. "ಸ್ವರ್ಣವಲ್ಲಿ ಮಠಕ್ಕೆ ಹೋಗೂದದೆ. ನಡಿ."

"ಅವ್ವಾ, ಈಗ ಪಾರ್ಟಿ ಬರ್ತಾರೆ!"

"ಬಂದವ್ರಿಗೆ ಚಾ ಮಾಡ್ಕೊಡು. ಮಾರೂದಾದ್ರೆ ನನ್ನೂ ಸೇರ್ಸೇ ಮಾರು."

ಇವರ ಬಾಯಲ್ಲಿ ಬ್ರಷ್ಷು ಹಾಗೇ. ನಾನು ಗೇರ್ ಹಾಕಿದೆ.

ಅದೇ ದಿನ, ಗಾಡಿಯಲ್ಲೇ

ಸ್ವರ್ಣವಲ್ಲಿ ತಿರುವಿನಲ್ಲಿ ಇಂಡಿಕೇಟರ್ ಹಾಕಿದೆ. ಅತ್ತೆ ನನ್ನ ಕೈ ಹಿಡಿದಳು. "ಮಠ ಬ್ಯಾಡ. ಅದು ಅವನಿಗೆ ಹೇಳಿದ್ದು."

"ಮತ್ತೆ ಎಲ್ಲಿಗೆ ಅತ್ತೆ?"

ಅತ್ತೆ ಸೆರಗು ಕಣ್ಣಿಗೊತ್ತಿಕೊಂಡಳು. ಹೆದರಿ ಬದಿಗೆ ನಿಲ್ಲಿಸಿದೆ.

"ಎಂತಾತು?"

"ಎಂತಿಲ್ಲೆ ಮಾರಾಯ್ತಿ. ಮದ್ವೆಯಾಗಿ ಬಂದ್ಮೇಲೆ ನಂಗೆ ಯಾರೂ ಎಲ್ಲಿಗೆ ಅಂತ ಕೇಳ್ಲೇ ಇಲ್ಲೆ. ತಡಿ... ಯೋಚ್ನೆ ಮಾಡ್ತೆ."

ಯೋಚಿಸುತ್ತಿದ್ದಾಳೆ. ಎಂಜಿನ್ ಆರಿಸಿಲ್ಲ. ಇವರ ಫೋನು ಮತ್ತೆ ಮತ್ತೆ. ಎತ್ತುವುದಿಲ್ಲ. ಸಂಜೆ ಮನೆಯಲ್ಲಿ ಏನಾಗುತ್ತದೋ ಆಗಲಿ. ಹಾಂ, ಅತ್ತೆ ಏನೋ ಹೇಳುತ್ತಿದ್ದಾಳೆ —