ಗಾಳಿಗೆ ಸಮನ್ಸ್

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಕ್ಕನಿಗೆ ತಂಗಿಯ ನಮಸ್ಕಾರ.

ನಿನ್ನ ಮಂಡಿನೋವು ಹೇಗಿದೆ? ಎಷ್ಟು ಬರೆದರೂ ಉತ್ತರವಿಲ್ಲ ಅಂತ ಬೈದಿದ್ದೀಯ. ಬೈ, ಬೈಸಿಕೊಳ್ಳಬೇಕಾದದ್ದೇ. ಪೆನ್ನು ಹಿಡಿದಾಗಲೆಲ್ಲ ಕೋರ್ಟಿನ ವಿಷಯವೇ ಬರುತ್ತಿತ್ತು. ನಿನಗೇಕೆ ತಲೆಬಿಸಿ ಅಂತ ಸುಮ್ಮನಾದೆ. ಈಗ ಮುಗಿಯಿತು. ಸೋತೆ.

ಅಮ್ಮ ಕೊಟ್ಟ ಬಿಳಿ ಮುಸುಕಿನ ಜೋಳದ ಬೀಜ ನಿನಗೆ ಗೊತ್ತಲ್ಲ. ಗೊಬ್ಬರ, ಔಷಧಿ ಸೋಕಿಸದೆ ಬೆಳೆದು, ಬಿತ್ತನೆಗೆಂದೇ ಮಾರಿ ಬದುಕುತ್ತಿದ್ದೆ. ಎರಡು ವರ್ಷದ ಹಿಂದೆ ನಮ್ಮ ತಮ್ಮ ಬದುವಿನಾಚೆ ಕಂಪನಿಯ ಕುಲಾಂತರಿ ಜೋಳ ಹಾಕಿದ. "ಹುಳ ಬೀಳಲ್ವಂತೆ, ನೀನೂ ಹಾಕು," ಅಂದ. ಎರಡೂ ಒಟ್ಟಿಗೆ ಹೂವಾದರೆ ಪರಾಗ ಬೆರೆತು ನನ್ನದು ಕೆಡುತ್ತೆ, ಸ್ವಲ್ಪ ತಡವಾಗಿ ಬಿತ್ತಪ್ಪಾ ಅಂತ ಕೇಳಿಕೊಂಡೆ. ಆಗಲಿ ಅಂದವನು, ಹದ ತಪ್ಪುತ್ತದೆಂದು ನನ್ನ ಜೊತೆಗೇ ಬಿತ್ತಿದ. ಗಾಳಿ ಅವನ ಕಡೆಯಿಂದಲೇ ಬೀಸಿತು.

ಕೊಯ್ಲಿನಲ್ಲಿ ತೆನೆ ಸುಲಿದರೆ ಬಿಳಿ ಕಾಳಿನ ನಡುವೆ ಹಳದಿ ಕಾಳು. ಇನ್ನೊಂದು ಸುಲಿದೆ, ಅದರಲ್ಲೂ ಅದೇ. ಪರೀಕ್ಷೆ ಮಾಡಿದವರು ಬೆರಕೆ ಅಂದರು. ಸಾವಯವ ಸರ್ಟಿಫಿಕೇಟು ಹೋಯಿತು, ಬೀಜ ಕೊಳ್ಳುವವರು ಫೋನ್ ಎತ್ತುವುದನ್ನೇ ಬಿಟ್ಟರು.

ನಾನು ಕೇಸು ಹಾಕಿದ್ದು ಕಂಪನಿಯ ಮೇಲೆ, ತಮ್ಮನ ಮೇಲಲ್ಲ. ಕಂಪನಿಯ ವಕೀಲ ಕೋಟು ಸರಿಮಾಡಿಕೊಂಡು, "ಬಿತ್ತಿದ ಮೇಲೆ ಏನಾದರೂ ಬೆಳೆದವರದೇ ಜವಾಬ್ದಾರಿ. ಬೀಜ ಕೊಂಡವರೇ ಕರಾರಿಗೆ ಸಹಿ ಹಾಕಿದ್ದಾರೆ," ಅಂದ. ತಮ್ಮ ಆ ಕಾಗದ ಓದಿಯೇ ಇರಲಿಲ್ಲ, ಬೀಜದ ಅಂಗಡಿಯವನು ಬೆರಳಿಟ್ಟ ಕಡೆ ಗೀಚಿದ್ದ. ಕಂಪನಿ ಬಚಾವಾಯಿತು. "ಇನ್ನು ಗಾಳಿಗೇ ಸಮನ್ಸ್ ಕಳಿಸಬೇಕಮ್ಮಾ," ಅಂತ ಕೋರ್ಟಿನ ಕ್ಯಾಂಟೀನಿನವನು ನಕ್ಕ. ನಾನೂ ನಕ್ಕೆ. ಆಮೇಲೆ ಟೀ ಅರ್ಧಕ್ಕೇ ಬಿಟ್ಟು ಎದ್ದುಬಂದೆ.

ನನ್ನ ವಕೀಲರು, "ನಿಮ್ಮ ತಮ್ಮನ ಮೇಲೆ ಹಾಕೋಣ. ಗೆದ್ದರೂ ಗೆಲ್ಲಬಹುದು," ಅಂದರು. ಗೆದ್ದರೆ ಅವನ ಹೊಲ ಹೋಗುತ್ತದೆ. ಬೇಡ ಅಂದೆ. "ಹಾಗಾದರೆ ನಿಮ್ಮ ನಷ್ಟಕ್ಕೆ ಯಾರೂ ಹೊಣೆಯಲ್ಲ," ಅಂತ ಫೈಲು ಕಟ್ಟಿಟ್ಟರು.

ಇದ್ದಬದ್ದ ಬೀಜವನ್ನೆಲ್ಲ ಕೋಳಿ ಸಾಕುವವರಿಗೆ ಕೊಟ್ಟುಬಿಟ್ಟೆ. ಕಂಪನಿಯ ತಳಿ ಬೆರೆತಿರುವುದರಿಂದ ಅದನ್ನು ಮತ್ತೆ ಬಿತ್ತಿದರೆ ಕಂಪನಿಯ ಮಾಲು ಕದ್ದ ಹಾಗಂತೆ. ಹೊಲ ಬೀಳುಬಿಟ್ಟಿದ್ದೇನೆ. ಬೇರೆ ಕಡೆಯಿಂದ ಬೀಜ ತಂದು ಹಾಕು ಅನ್ನುತ್ತಾರೆ. ಯಾವುದನ್ನು ಅಂತ ಹಾಕಲಿ? ಗಾಳಿ ಅದೇ ತಾನೆ? ಈಗ ಪೇಟೆಯ ನರ್ಸರಿಯೊಂದರಲ್ಲಿ ಹೂಕುಂಡಗಳಿಗೆ ನೀರು ಹಾಕುತ್ತೇನೆ. ಕೈ ಕೆಲಸ ಮಾಡುತ್ತದೆ, ಅಷ್ಟೇ.

ಭಾವನಿಗೆ ನಮಸ್ಕಾರ ಹೇಳು. ನಿನ್ನ ಮೊಮ್ಮಗಳು ನೂರು ಕಾಲ ತಣ್ಣಗಿರಲಿ.

ನಿನ್ನ ತಂಗಿ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಕಂಪನಿಯವರು ತಮ್ಮನನ್ನು ಸಾಕ್ಷಿಗೆ ಕರೆಸಿದ್ದರು. ನ್ಯಾಯಾಧೀಶರು ನನ್ನ ಕಡೆ ಕೈ ತೋರಿಸಿ, "ಇವರು ನಿಮಗೇನಾಗಬೇಕು?" ಅಂದರು. ಅವನು ನನ್ನನ್ನು ನೋಡಿದ, ಅಕ್ಕ. ಚೆನ್ನಾಗಿಯೇ ನೋಡಿದ. "ಏನೂ ಆಗಬೇಕಿಲ್ಲ ಸ್ವಾಮಿ. ಪಕ್ಕದ ಜಮೀನಿನವರು," ಅಂದ. ಗುಮಾಸ್ತ ಹಾಗೆಯೇ ಟೈಪು ಮಾಡಿಕೊಂಡ.