ಮನೆಯಡಿಗೆ ತಡಿಕೆ

ನಮ್ಮ ಮನೆಯಿಂದ,
ಹನ್ನೊಂದನೆಯ ತಾರೀಖು, ಸೋಮವಾರ

ಪ್ರೀತಿಯ ತಮ್ಮಾ,

ಪ್ರೀತಿಯ ಎಂದದ್ದು ರೂಢಿಗೆ. ನಿನ್ನ ಮಂಡಿನೋವು ಹೇಗಿದೆ? ಬಿಡಿಭಾಗದ ಅಂಗಡಿಯ ಅಟ್ಟದಲ್ಲಿ ಮಲಗುತ್ತೀಯಂತೆ. ದಿನಕ್ಕೆ ನಾಲ್ಕು ಸಲ ಏಣಿ ಹತ್ತಿ ಇಳಿದರೆ ಅದು ಇನ್ನಷ್ಟು ಹೆಚ್ಚುತ್ತದೆ. ಹೆಚ್ಚಲಿ ಎಂದು ಹಾರೈಸುವಷ್ಟು ಕೆಟ್ಟವಳು ನಾನಲ್ಲ, ಕಡಿಮೆಯಾಗಲಿ ಎನ್ನುವಷ್ಟು ಒಳ್ಳೆಯತನವೂ ಸದ್ಯಕ್ಕೆ ಉಳಿದಿಲ್ಲ. ಎಣ್ಣೆ ಬಿಸಿ ಮಾಡಿ ಹಚ್ಚಿಕೋ.

ಸುದ್ದಿ ಎಂದರೆ, ಕಂಬಗಳ ಮೇಲೆ ನಿಂತ ನಮ್ಮ ಮರದ ಮನೆಯ ಕೆಳಗಿನ ಜಾಗವನ್ನು ಮುಚ್ಚಿಸುತ್ತಿದ್ದೇನೆ. ಹೌದು, ಎಂಟು ಕಂಬಗಳ ನಡುವೆ ನೀನು ಇಪ್ಪತ್ತು ವರ್ಷ ಕೂತು ಊರಿನವರ ಹೊಲಿಗೆ ಯಂತ್ರ ಬಿಚ್ಚಿ ಜೋಡಿಸಿದ ಜಾಗವನ್ನೇ. ಬಡಗಿ ಕಂಬದಿಂದ ಕಂಬಕ್ಕೆ ಮರದ ಪಟ್ಟಿ ಹೊಡೆಯುತ್ತಿದ್ದಾನೆ. ಗೆದ್ದಲು ಹತ್ತಬಾರದೆಂದು ಬುಡದಲ್ಲಿ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟಿದ್ದಾನೆ. ಯಾರಾದರೂ ಕೇಳಿದರೆ ನಾಯಿಗಳ ಕಾಟ ಎನ್ನುತ್ತೇನೆ. ನಿನಗೇಕೆ ಸುಳ್ಳು ಹೇಳಲಿ? ನನ್ನ ಕಾಲಡಿ ಕೂತು ನನ್ನ ಮಾತು ಕೇಳುವವರು ಇನ್ನು ನನಗೆ ಬೇಡ.

ಚಿಕ್ಕವನಿದ್ದಾಗ ನೀನು ಬಾಯಿ ಬಿಡುತ್ತಿರಲಿಲ್ಲವೆಂದು ಮನೆಯವರೆಲ್ಲ ಮೌನಿ ಎಂದು ಕರೆದೆವು. ಎಂಥ ಮೋಸ ಹೋದೆವು! ಅಡುಗೆಮನೆಯಲ್ಲಿ ನಾನು ಮಗಳ ಕಿವಿಯಲ್ಲಿ ಅವಳ ಅತ್ತೆಯ ಬಗ್ಗೆ ಒಂದು ಮಾತು ಆಡಿದೆ. ಆಡಿ ಅಲ್ಲೇ ಮರೆಯುವಂಥ ಮಾತು. ಅದು ನೆಲದ ಹಲಗೆಗಳ ಸಂದಿಯಿಂದ ನಿನ್ನ ಮೇಲೆ ಉದುರಿತು. ನೀನು ಅದನ್ನು ಜೋಪಾನವಾಗಿ ಹೊತ್ತುಕೊಂಡು ಹೋಗಿ, ಮೊಮ್ಮಗಳ ಹುಟ್ಟುಹಬ್ಬದ ಊಟದಲ್ಲಿ, ಬೀಗಿತ್ತಿಯ ಎದುರಿಗೇ, “ನೀವು ನಕ್ಕರೆ ಹಾಲು ಒಡೆಯುತ್ತೆ ಅಂತಾಳೆ ನಮ್ಮಕ್ಕ!” ಎಂದು ಬಡಿಸಿದೆ. ತಮಾಷೆಗಂತೆ. ನಕ್ಕವನು ನೀನೊಬ್ಬನೇ. ಅಂದಿನಿಂದ ಏಳು ಭಾನುವಾರ ಕಳೆದವು; ಮಗಳೂ ಬಂದಿಲ್ಲ, ಮಗುವೂ ಬಂದಿಲ್ಲ. ಮಗುವಿಗೆ ಮುಂದಿನ ಹಲ್ಲು ಬಿದ್ದಿದೆಯಂತೆ. ಅದನ್ನೂ ಹಾಲಿನವಳ ಬಾಯಿಂದ ಕೇಳಬೇಕಾಯಿತು.

ಇವತ್ತು ಬೆಳಿಗ್ಗೆ ಒಲೆಯ ಮುಂದೆ ನಿಂತು, ಈ ಬಡಗಿ ಒಂದು ಮೊಳೆ ಹೊಡೆಯೋಕೆ ಒಂದು ಯುಗ ತಗೋತಾನೆ ಎಂದು ನನ್ನಷ್ಟಕ್ಕೆ ಗೊಣಗಿದೆ. ಕೆಳಗಿನಿಂದ, “ಯುಗ ಯಾಕಮ್ಮಾ, ಶನಿವಾರದೊಳಗೆ ಮುಗಿಸ್ತೀನಿ” ಎಂದು ಉತ್ತರ ಬಂತು! ಇಳಿದುಹೋಗಿ ಕೇಳಿದರೆ, “ಪಟ್ಟಿ ಕಣ್ಣಿಗೆ ಅಡ್ಡ ಆಗುತ್ತೆ, ಕಿವಿಗೆ ಆಗಲ್ಲ” ಎಂದ. ಕಿವಿಗೆ ಆಗದಿದ್ದರೆ ಬೇಡ, ನನ್ನ ತಮ್ಮನಿಗೆ ಅಡ್ಡವಾದರೆ ಸಾಕು, ಹೊಡಿ ಎಂದೆ.

ದೊಡ್ಡವಳಾಗಿ ಹುಟ್ಟಿದ ತಪ್ಪಿಗೆ ಆಶೀರ್ವಾದ ಮಾಡಲೇಬೇಕು: ಆರೋಗ್ಯವಾಗಿರು, ದೂರವಿರು.

ನಿನ್ನ ಅಕ್ಕ

ಮರೆತಿದ್ದೆ: ಬೀಗಿತ್ತಿ ಹೇಳಿಕಳಿಸಿದ್ದಾಳೆ. ಆ ಮಾತು ಯಾರದ್ದೋ ಅವರೇ ಬಂದು ತಪ್ಪಾಯಿತು ಎಂದರೆ ಮಗಳನ್ನು ಕಳಿಸುತ್ತಾಳಂತೆ. ಮಾತು ನನ್ನದು, ನನಗೂ ಗೊತ್ತು, ನಿನಗೂ ಗೊತ್ತು. ಆದರೆ ನಾನು ಅವಳ ಹೊಸ್ತಿಲಲ್ಲಿ ತಲೆ ತಗ್ಗಿಸಿ ನಿಲ್ಲಲಾರೆ. ನೀನು ಹೋಗಿ, “ಅದು ನನ್ನದೇ ಮಾತು, ಸುಮ್ಮನೆ ಅಕ್ಕನ ತಲೆಗೆ ಕಟ್ಟಿದೆ” ಎಂದು ಹೇಳು. ನಂಬುತ್ತಾಳೆ, ನಿನ್ನ ಬಾಯಿ ಎಂಥದೆಂದು ಈಗ ಎಲ್ಲರಿಗೂ ಗೊತ್ತು. ಮೂರು ಕಡೆ ಮುಚ್ಚಿಯಾಯಿತು, ರಸ್ತೆಯ ಕಡೆ ಮಾತ್ರ ಉಳಿದಿದೆ. ಶನಿವಾರದೊಳಗೆ ಮಗು ಮೆಟ್ಟಿಲು ಹತ್ತಿ ಬಂದರೆ ಅಲ್ಲಿ ನಿನಗೊಂದು ಬಾಗಿಲು ಇಡಿಸುತ್ತೇನೆ. ಬರದಿದ್ದರೆ ಅಲ್ಲಿಗೂ ಪಟ್ಟಿಯೇ, ನಿನ್ನ ರಿಪೇರಿ ಮೇಜು ಒಳಗಿರುವಂತೆಯೇ.